ಎಂಟು ನಿಮಿಷದ ಅರೆಗ್ರಹಣ

ನಕ್ಷತ್ರಕ್ಕಿಂತ ಅದನ್ನು ಸುತ್ತುವ ಗ್ರಹವೇ ಏಳು ಪಟ್ಟು ಅಗಲ ಇರುವ ಜಾಗವೊಂದಿದೆ. ನಕ್ಷತ್ರದ ಹೆಸರು ಡಬ್ಲ್ಯೂಡಿ 1856. ಡ್ರೇಕೋ ನಕ್ಷತ್ರಪುಂಜದಲ್ಲಿ, ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರ. 2020ರಲ್ಲಿ ಸುದ್ದಿ ಬಂದಾಗ ಓದಿ, ಅಬ್ಬಾ ಅಂದುಕೊಂಡು ಸುಮ್ಮನಾಗಿದ್ದೆ. ಈಚೆಗೆ ಒಂದು ರಜೆಯ ದಿನ ಅದು ಮತ್ತೆ ತಲೆಗೆ ಹೊಕ್ಕಿತು. ಟೆಸ್ ಬಾಹ್ಯಾಕಾಶ ದೂರದರ್ಶಕ ಅಳೆದ ಬೆಳಕಿನ ಲೆಕ್ಕವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನನಗೆ ಪೈಥಾನ್ ಪ್ರೋಗ್ರಾಮಿಂಗ್ ಅಷ್ಟೋ ಇಷ್ಟೋ ಬರುತ್ತದೆ. ನೋಡೇ ಬಿಡೋಣ ಅಂತ ಕೂತೆ.

ಮೊದಲು ತೆರೆದ ಗ್ರಾಫ್‌ನಲ್ಲಿ ಏನೂ ಇರಲಿಲ್ಲ. ಚುಕ್ಕಿಗಳ ಒಂದು ದಪ್ಪ ಪಟ್ಟಿ, ಅಷ್ಟೇ. ಈ ನಕ್ಷತ್ರ ಟೆಸ್‌ಗೆ ತುಂಬಾ ಮಂಕು. ಅದರ ಒಂದೊಂದು ಪಿಕ್ಸೆಲ್ ಆಕಾಶದ ದೊಡ್ಡ ತುಂಡನ್ನೇ ನುಂಗುವುದರಿಂದ ಪಕ್ಕದ ನಕ್ಷತ್ರಗಳ ಬೆಳಕೂ ಬೆರೆಯುತ್ತದೆ. ಜೊತೆಗೆ, ಎರಡು ನಿಮಿಷಕ್ಕೊಂದು ಅಳತೆ. ಗ್ರಹ ಅಡ್ಡ ಬಂದು ನಕ್ಷತ್ರದ ಬೆಳಕು ಕುಗ್ಗುವುದು ಎಂಟು ನಿಮಿಷ. ಅಂದರೆ ಪ್ರತಿ ಸಲ ಸಿಗುವುದು ನಾಲ್ಕೇ ಚುಕ್ಕಿ.

ಇದಕ್ಕೊಂದು ಹಳೇ ಉಪಾಯ ಇದೆ. ಗ್ರಹ ಸುಮಾರು 34 ಗಂಟೆಗೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಇಡೀ ಗ್ರಾಫನ್ನು ಸರಿಯಾಗಿ ಅಷ್ಟೇ ಹೊತ್ತಿನ ತುಂಡುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಇಟ್ಟರೆ ಎಲ್ಲ ಗ್ರಹಣಗಳೂ ಒಂದೇ ಕಡೆ ಬೀಳುತ್ತವೆ. ಹಾಗೆ ಮಾಡಿದೆ. ಪಟ್ಟಿಯ ಮಧ್ಯದಿಂದ ಚುಕ್ಕಿಗಳ ಒಂದು ಸಣ್ಣ ಗುಂಪು ಕೆಳಗೆ ಜಾರಿತ್ತು. ಅಷ್ಟು ಕಿರಿದು ಅಂದರೆ, ಪರದೆಯ ಮೇಲಿನ ಧೂಳೇನೋ ಅಂತ ಬೆರಳಿನಿಂದ ಒರೆಸಿದೆ. ಹೋಗಲಿಲ್ಲ. ದೊಡ್ಡದು ಮಾಡಿ ನೋಡಿದರೆ ತಳ ಚಪ್ಪಟೆಯಾಗಿಲ್ಲ. ಇಳಿದದ್ದೇ ಏರಿಬಿಡುತ್ತದೆ.

ಹಿಂದೆಯೇ ನಿಂತು ನೋಡುತ್ತಿದ್ದ ತಮ್ಮ ಕೇಳಿದ: "ಅಕ್ಕಾ, ಗ್ರಹವೇ ದೊಡ್ಡದು ಅಂತೀಯ. ಹಾಗಾದ್ರೆ ನಕ್ಷತ್ರ ಪೂರ್ತಿ ಮರೆಯಾಗಬೇಕಲ್ವಾ?"

ಸರಿಯಾದ ಪ್ರಶ್ನೆ. ಸಾಮಾನ್ಯ ನಕ್ಷತ್ರದ ಮುಂದೆ ಗುರುವಿನಷ್ಟು ದೊಡ್ಡ ಗ್ರಹ ಹಾದರೆ ಬೆಳಕು ಕುಗ್ಗುವುದು ಶೇಕಡಾ 1ರಷ್ಟು. ಇಲ್ಲಿ ಶೇಕಡಾ 56. ನನ್ನ ಗ್ರಾಫ್‌ನಿಂದ ಆ ಆಳ ನಂಬುವ ಹಾಗಿಲ್ಲ. ಅದನ್ನು ಸರಿಯಾಗಿ ಅಳೆದದ್ದು ಲಾ ಪಾಲ್ಮಾ ದ್ವೀಪದ 10.4 ಮೀಟರ್ ದೂರದರ್ಶಕ. ಆದರೂ ಶೇಕಡಾ 56 ಯಾಕೆ, 100 ಯಾಕಲ್ಲ?

ಲೆಕ್ಕ ಹಾಕುತ್ತಾ ಕೂತೆವು. ದಿನದ ಖುಷಿಯೆಲ್ಲ ಇದರಲ್ಲೇ ಇತ್ತು. ಗ್ರಹ ನಕ್ಷತ್ರದಿಂದ ಸುಮಾರು 30 ಲಕ್ಷ ಕಿ.ಮೀ. ದೂರದಲ್ಲಿದೆ. ಸೂರ್ಯನಿಂದ ಬುಧ ಇರುವ ದೂರದ ಇಪ್ಪತ್ತರಲ್ಲಿ ಒಂದು ಪಾಲು. ಒಂದು ಸುತ್ತಿಗೆ 1.9 ಕೋಟಿ ಕಿ.ಮೀ., ಸಮಯ 34 ಗಂಟೆ. ವೇಗ ಸೆಕೆಂಡಿಗೆ ಸುಮಾರು 160 ಕಿ.ಮೀ. ಬಂತು. ಗ್ರಹದ ಅಗಲ ಸುಮಾರು 1.32 ಲಕ್ಷ ಕಿ.ಮೀ., ನಕ್ಷತ್ರದ್ದು ಬರೀ 18 ಸಾವಿರ. ಎರಡೂ ಕೂಡಿ ಒಂದೂವರೆ ಲಕ್ಷ. ಗ್ರಹ ನೇರ ನಡುವಿನಲ್ಲಿ ಹಾದಿದ್ದರೆ ಗ್ರಹಣ ಶುರುವಾಗಿ ಮುಗಿಯಲು 16 ನಿಮಿಷ ಬೇಕಿತ್ತು. ಅದರಲ್ಲಿ 12 ನಿಮಿಷ ನಕ್ಷತ್ರ ಪೂರ್ತಿ ಮಾಯ. ಆದರೆ ನಿಜವಾಗಿ ಆಗುವುದು ಎಂಟೇ ನಿಮಿಷ. ಅಂದರೆ ಗ್ರಹ ನಡುವಿನಲ್ಲಿ ಹಾಯುತ್ತಿಲ್ಲ, ಅಂಚಿನಿಂದ ಸವರಿಕೊಂಡು ಹೋಗುತ್ತಿದೆ.

ತಮ್ಮ ಕೈವಾರ ತಂದ. 14 ಸೆಂಟಿಮೀಟರ್ ಅಗಲದ ಒಂದು ವೃತ್ತ, 2 ಸೆಂಟಿಮೀಟರಿನ ಇನ್ನೊಂದು. ಕತ್ತರಿಸಿ ಒಂದರ ಮೇಲೊಂದು ಜಾರಿಸಿದೆವು. ಲೆಕ್ಕದ ಪ್ರಕಾರ, ಗ್ರಹಣ ಗಟ್ಟಿಯಾಗಿರುವ ಗಳಿಗೆಯಲ್ಲಿ ದೊಡ್ಡದರ ಅಂಚು ಚಿಕ್ಕದರ ನಡುವನ್ನು ಒಂದು ಮಿಲಿಮೀಟರ್‌ನಷ್ಟು ದಾಟಿರಬೇಕು. ಅಲ್ಲಿ ಹಿಡಿದು ನೋಡಿದರೆ ಮುಚ್ಚಿದ್ದು ಅರ್ಧಕ್ಕಿಂತ ಚೂರು ಜಾಸ್ತಿ. ಶೇಕಡಾ 56! ಸಮಯ ಒಂದು ಕಡೆಯಿಂದ, ಬೆಳಕು ಇನ್ನೊಂದು ಕಡೆಯಿಂದ ಬಂದು ಒಂದೇ ಉತ್ತರ ಹೇಳಿದವು. ಇಬ್ಬರೂ ಜೋರಾಗಿ ನಕ್ಕೆವು.

ಇಂಥ ಪುಟಾಣಿ ನಕ್ಷತ್ರ ಎಲ್ಲಿಂದ ಬಂತು ಎಂಬುದು ಗೊತ್ತಿರುವ ಕಥೆಯೇ. ಸೂರ್ಯನಂಥ ನಕ್ಷತ್ರಕ್ಕೆ ವಯಸ್ಸಾದಾಗ ಅದು ನೂರು ಪಟ್ಟಿಗೂ ಜಾಸ್ತಿ ಊದಿಕೊಂಡು ಕೆಂಪು ದೈತ್ಯವಾಗುತ್ತದೆ. ಆಮೇಲೆ ಹೊರಪದರ ಕಳಚಿಕೊಂಡು, ಭೂಮಿಯಷ್ಟು ಗಾತ್ರದ ತಿರುಳೊಂದು ಉಳಿಯುತ್ತದೆ. ಅದೇ ಶ್ವೇತಕುಬ್ಜ. ಡಬ್ಲ್ಯೂಡಿ 1856 ಶ್ವೇತಕುಬ್ಜವಾಗಿ, ತಣ್ಣಗಾಗುತ್ತಾ ಬಂದು ಸುಮಾರು 600 ಕೋಟಿ ವರ್ಷ ಆಗಿದೆ.

ಗ್ರಹದ ತೂಕ ಹಿಡಿಯುವುದು ಮಾತ್ರ ಕಷ್ಟದ ಕೆಲಸ. ಸಾಮಾನ್ಯವಾಗಿ ನಕ್ಷತ್ರದ ರೋಹಿತದ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ, ಗೆರೆಗಳು ಆಚೀಚೆ ಸರಿಯುವುದನ್ನು ನೋಡಿ ತೂಕ ಹೇಳುತ್ತಾರೆ. ಇದರ ರೋಹಿತ ಬಹುತೇಕ ನುಣುಪು, ಹಿಡಿದುಕೊಳ್ಳಲು ಗೆರೆಯೇ ಇಲ್ಲ. ಹಾಗಾಗಿ ಶಾಖದ ದಾರಿ ಹಿಡಿದರು. ತೂಕ ಜಾಸ್ತಿ ಇದ್ದಷ್ಟೂ ಗ್ರಹ ಹುಟ್ಟಿನ ಶಾಖವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. 2020ರ ಜನವರಿಯಲ್ಲಿ ನಿವೃತ್ತಿಯಾಗುವ ಸ್ವಲ್ಪ ಮುಂಚೆ ಸ್ಪಿಟ್ಜರ್ ದೂರದರ್ಶಕ ನೋಡಿತು, ಶಾಖ ಕಾಣಲಿಲ್ಲ. ಹಾಗಾದರೆ ತೂಕ 14 ಗುರುಗಳಿಗಿಂತ ಕಡಿಮೆ ಎಂದಾಯಿತು. 2025ರಲ್ಲಿ ಬಾಹ್ಯಾಕಾಶ ದೂರದರ್ಶಕ ಜೇಮ್ಸ್ ವೆಬ್‌ನ ಫಲಿತಾಂಶ ಬಂತು. ನಕ್ಷತ್ರದ ಇನ್‌ಫ್ರಾರೆಡ್ ಬೆಳಕಿನ ಜೊತೆ ಸೇರಿಕೊಂಡಿದ್ದ ಗ್ರಹದ ಶಾಖವನ್ನೇ ಅದು ಬೇರ್ಪಡಿಸಿತು. ಉಷ್ಣತೆ ಮೈನಸ್ 87 ಡಿಗ್ರಿ ಸೆಲ್ಸಿಯಸ್. ತೂಕ 6 ಗುರುಗಳಿಗಿಂತ ಕಡಿಮೆ. ನಕ್ಷತ್ರಕ್ಕೆ ಅಷ್ಟು ಹತ್ತಿರ ಇದ್ದೂ ಅಷ್ಟು ತಣ್ಣಗೆ! ಆ ನಕ್ಷತ್ರದ ಒಟ್ಟು ಬೆಳಕು ಸೂರ್ಯನದರ ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ.

ನಮ್ಮಿಬ್ಬರಿಗೆ ಜಗಳ ಹತ್ತಿದ್ದು ಇಲ್ಲಿ. ಗ್ರಹ ಈಗಿರುವ ಜಾಗ ಒಂದು ಕಾಲಕ್ಕೆ ಕೆಂಪು ದೈತ್ಯದ ಹೊಟ್ಟೆಯೊಳಗಿತ್ತು. ಅಲ್ಲೇ ಇದ್ದಿದ್ದರೆ ಉಳಿಯುತ್ತಿತ್ತೇ? ಒಂದು ವಾದದ ಪ್ರಕಾರ, ಗ್ರಹ ದೈತ್ಯದ ಹೊರಪದರದೊಳಗೆ ಸಿಕ್ಕಿಕೊಂಡು, ಒಳಗೊಳಗೆ ಸುತ್ತುತ್ತಾ ಆ ಅನಿಲವನ್ನೆಲ್ಲ ಆಚೆ ತಳ್ಳಿ ಬದುಕಿತು. ಇನ್ನೊಂದು ವಾದದಲ್ಲಿ, ಅದು ದೂರದಲ್ಲೆಲ್ಲೋ ಕ್ಷೇಮವಾಗಿತ್ತು. ನಕ್ಷತ್ರ ಸತ್ತ ಎಷ್ಟೋ ಕಾಲದ ಮೇಲೆ ಬೇರೆ ಗ್ರಹಗಳೋ, ಜೊತೆಯಲ್ಲೇ ಇರುವ ಎರಡು ಕೆಂಪುಕುಬ್ಜಗಳೋ (ಚಿಕ್ಕ, ಮಂಕು ಕೆಂಪು ನಕ್ಷತ್ರಗಳು) ಅದರ ದಾರಿ ಕೆಡಿಸಿ ಒಳಕ್ಕೆ ನೂಕಿದವು. ನಾನು ಎರಡನೆಯದರ ಕಡೆ. ಆರು ಗುರುಗಳಷ್ಟೂ ತೂಕವಿಲ್ಲದ ಗ್ರಹ ಒಂದು ನಕ್ಷತ್ರದ ಹೊರಪದರವನ್ನು ಕಿತ್ತೆಸೆಯಿತು ಅಂದರೆ ನಂಬುವುದು ಕಷ್ಟ. ಜೇಮ್ಸ್ ವೆಬ್ ತೂಕ ಇಳಿಸಿದಷ್ಟೂ ಆ ವಾದ ಸೊರಗುತ್ತದೆ.

ತಮ್ಮ ಒಪ್ಪಲಿಲ್ಲ. "ಅದಕ್ಕೂ ಮುಂಚೆ ಬೇರೆ ಗ್ರಹಗಳು ಒಳಗೆ ಬಿದ್ದು ಅರ್ಧ ಕೆಲಸ ಮುಗಿಸಿರಬಹುದಲ್ವಾ?" ಅಂದ. ಹಾಗೆ ಹೇಳುವ ಖಗೋಳ ವಿಜ್ಞಾನಿಗಳೂ ಇದ್ದಾರೆ, ಅದು ನಿಜ. ಆದರೆ ನುಂಗಿಸಿಕೊಳ್ಳಲು ಸರಿಯಾದ ಹೊತ್ತಿಗೆ ಗ್ರಹಗಳು ಸಾಲಾಗಿ ನಿಂತಿರಬೇಕು ಅಂದರೆ ಸ್ವಲ್ಪ ಜಾಸ್ತಿಯೇ ಆಯಿತು ಅಂತ ನಾನಂದೆ. ಎರಡು ಕೆಂಪುಕುಬ್ಜಗಳು ಅಷ್ಟು ದೂರದಿಂದ ನೂಕಿದವು ಅನ್ನೋದು ಮಾತ್ರ ಜಾಸ್ತಿ ಆಗಲಿಲ್ವಾ ಅಂತ ಅವನು. ಅವು ಇರುವುದು ಭೂಮಿ–ಸೂರ್ಯರ ದೂರದ ಸಾವಿರ ಪಟ್ಟಿಗೂ ಆಚೆ. ಅಲ್ಲಿಂದ ಎಳೆದರೆ ಎಷ್ಟು ಕಾಲ ಬೇಕು ಎಂದು ನೋಡಲು ಹೊಸ ಹಾಳೆ ತೆಗೆದೆ.