ನಾನು ಹೇಳಿಕೊಡಬೇಕಾಗದ ಸಿನಿಮಾ

ನಮ್ಮನೆಯಲ್ಲಿ ಟಿವಿಯ ಸೌಂಡ್ ಯಾವತ್ತೂ ನನ್ನೊಬ್ಬಳಿಗೇ. ಅಪ್ಪನಿಗೂ ಅಮ್ಮನಿಗೂ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಅಪ್ಪ ದಾವಣಗೆರೆಯಲ್ಲಿ ಟೈಲರ್. ಯಾರಾದರೂ ದಾರಿ ಕೇಳಿದರೆ ಬೀದಿಯವರು 'ಮೂಗನ ಅಂಗಡಿ' ಎಂದೇ ಗುರುತು ಹೇಳುತ್ತಿದ್ದರು. ಆ ಮಾತು ನನಗೆ ಈಗಲೂ ಚುಚ್ಚುತ್ತದೆ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅಪ್ಪನಷ್ಟು ಮಾತಾಡುವವರನ್ನು ನಾನು ಕಂಡಿಲ್ಲ. ಆ ಮಾತೆಲ್ಲ ಕೈಯಲ್ಲಿ, ಮುಖದಲ್ಲಿ.

ಭಾನುವಾರ ಸಂಜೆ ದೂರದರ್ಶನದಲ್ಲಿ ಕನ್ನಡ ಸಿನಿಮಾ ಬರುತ್ತಿತ್ತಲ್ಲ, ಆಗ ನನ್ನ ಜಾಗ ಟಿವಿ ಪಕ್ಕದ ಸ್ಟೂಲು. ಪರದೆಯ ಮೇಲೆ ಯಾರು ಏನು ಹೇಳಿದರೂ ನಾನು ಕೈಸನ್ನೆಯಲ್ಲಿ ಹೇಳಬೇಕು. ಮೂಗಿನ ಮೇಲೆ ಬೆರಳು ಎಳೆದರೆ ರಾಜ್‌ಕುಮಾರ್. ಮಿಕ್ಕವರಿಗೂ ಹೀಗೆ ಒಂದೊಂದು ಗುರುತು. ಹೊಡೆದಾಟ ಬಂದರೆ ನನಗೆ ರಜೆ. ಕೋರ್ಟ್ ಸೀನ್ ಬಂತೆಂದರೆ ಕೈ ಸೋತುಹೋಗುತ್ತಿತ್ತು. ಎಂಟು ವರ್ಷದ ಹುಡುಗಿ ಎಷ್ಟೂಂತ ಹೇಳಿಯಾಳು? 'ಏನಿಲ್ಲ, ಸುಮ್ನೆ ಮಾತಾಡ್ತಿದಾರೆ' ಅಂತ ಮುಗಿಸಿಬಿಡುತ್ತಿದ್ದೆ. ಅಪ್ಪ ತಲೆಯಾಡಿಸಿ ಮತ್ತೆ ಟಿವಿ ಕಡೆ ನೋಡುತ್ತಿದ್ದರು. ಒಬ್ಬ ತಾಯಿ ಐದು ನಿಮಿಷ ಅಳುತ್ತ ಹೇಳಿದ್ದನ್ನು ನಾನು ಎರಡು ಸನ್ನೆಯಲ್ಲಿ ಮುಗಿಸಿದ್ದೂ ಇದೆ. ಅಪ್ಪ ಒಂದು ದಿನವೂ ಬೈದವರಲ್ಲ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಹೋದ ಆಗಸ್ಟ್‌ನಲ್ಲಿ ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿ, ಮಂಚ ಬಿಟ್ಟು ಏಳಬಾರದು ಎಂದಿದ್ದರು ಡಾಕ್ಟರು. ನಾನು ರಜೆ ಹಾಕಿ ಊರಿಗೆ ಹೋದೆ. ಭಾನುವಾರ ಬೆಳಗ್ಗಿನಿಂದ ಜಡಿಮಳೆ. ಅಂಗಡಿ ತೆಗೆದಿರಲಿಲ್ಲ. ಅಮ್ಮ ಒಳಗಿನ ಕೋಣೆಯಲ್ಲಿ ನಿದ್ದೆಹೋಗಿದ್ದರು. ನಾನು ಲ್ಯಾಪ್‌ಟಾಪ್ ತಂದು ಅಪ್ಪನ ಹೊಲಿಗೆ ಮಿಷನ್ ಹಲಗೆಯ ಮೇಲಿಟ್ಟೆ. ಕೆಲವು ತಿಂಗಳಿಂದ ಒಬ್ಬ ನಟನ ಬಗ್ಗೆ ಓದುತ್ತಿದ್ದೆ. ಅವನನ್ನು ಅಪ್ಪನಿಗೆ ತೋರಿಸಬೇಕು ಅನ್ನಿಸಿತ್ತು. ಅವನು ಲಾನ್ ಚೇನಿ, ಅಮೆರಿಕದ ಮೂಕಿ ಚಿತ್ರಗಳ ಕಾಲದವನು. ಅವನ ಹಿಂದೆ ನಾನು ಬಿದ್ದದ್ದು ಒಂದೇ ಒಂದು ಸಂಗತಿ ಓದಿ. ಅವನ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸುತ್ತಿರಲಿಲ್ಲ.

ಚೇನಿ ಹುಟ್ಟಿದ್ದು 1883ರಲ್ಲಿ, ಕೊಲೊರಾಡೋ ಸ್ಪ್ರಿಂಗ್ಸ್ ಊರಿನಲ್ಲಿ. ಅಪ್ಪ ಕ್ಷೌರದ ಕೆಲಸದವರು. ಅಲ್ಲಿ ಕಿವಿ ಕೇಳಿಸದ ಮಕ್ಕಳ ಶಾಲೆ ಶುರುವಾಗಲು ಕಾರಣರಾದವರೇ ಅವನ ತಾಯಿಯ ತಂದೆ. ಚೇನಿ ನಾಲ್ಕನೇ ಕ್ಲಾಸಿನ ಹೊತ್ತಿಗೆ ತಾಯಿ ಕೀಲುಬೇನೆಯಿಂದ ಹಾಸಿಗೆ ಹಿಡಿದರು. ಹುಡುಗ ಶಾಲೆ ಬಿಟ್ಟು ತಾಯಿಯ ಆರೈಕೆಗೆ ನಿಂತ. ಹೊರಗೆ ಹೋಗಿ ಬಂದು, ಊರಲ್ಲಿ ಕಂಡದ್ದನ್ನೆಲ್ಲ ಮಂಚದ ಪಕ್ಕ ಅಭಿನಯಿಸಿ ತೋರಿಸುತ್ತಿದ್ದ. ಯಾರು ಹೇಗೆ ನಡೆದರು, ಯಾರು ಯಾರ ಮೇಲೆ ಸಿಟ್ಟಾದರು, ಎಲ್ಲವೂ. ಅವನ ನಟನೆ ಶುರುವಾದದ್ದು ಆ ಕೋಣೆಯಲ್ಲೇ ಎಂದು ನನ್ನ ನಂಬಿಕೆ. ನಾಟಕದ ಕಂಪನಿ, ಸ್ಟುಡಿಯೋ ಎಲ್ಲ ಆಮೇಲಿನ ಮಾತು.

ನಾಟಕದ ದಾರಿಯೇನೂ ಸುಲಭದ್ದಾಗಿರಲಿಲ್ಲ. ಊರಿನ ಥಿಯೇಟರಿನಲ್ಲಿ ಸಾಮಾನು ಹೊರುವ ಹುಡುಗನಾಗಿದ್ದ. ಗೋಡೆಗೆ ಕಾಗದ ಅಂಟಿಸುವ ಕೆಲಸವನ್ನೂ ಮಾಡಿದ. 1902ರಲ್ಲಿ ಅಣ್ಣನ ಜೊತೆ ರಂಗಕ್ಕೆ ಬಂದು, ಹತ್ತು ವರ್ಷ ಊರೂರು ತಿರುಗಿದ. ಹಾಡು, ಕುಣಿತ, ಹಾಸ್ಯ, ಯಾವುದು ಸಿಕ್ಕರೆ ಅದು. 1913ರಲ್ಲಿ ಲಾಸ್ ಏಂಜಲೀಸ್‌ನ ಒಂದು ಥಿಯೇಟರಿನಲ್ಲಿ, ಆಟ ನಡೆಯುತ್ತಿದ್ದಾಗಲೇ ಅವನ ಹೆಂಡತಿ ವಿಷ ಕುಡಿದಳು. ಜೀವ ಉಳಿಯಿತು, ಆದರೆ ಹಾಡುತ್ತಿದ್ದ ಅವಳ ಗಂಟಲು ಹಾಳಾಯಿತು. ಸುದ್ದಿ ಎಲ್ಲೆಡೆ ಹಬ್ಬಿ ಅವನಿಗೆ ನಾಟಕದ ಬಾಗಿಲು ಮುಚ್ಚಿತು. ಹೊಟ್ಟೆಪಾಡಿಗೆ ಸಿನಿಮಾ ಸ್ಟುಡಿಯೋಗೆ ಹೋದ. ಅಲ್ಲಿ ಐದಾರು ವರ್ಷ ಸಿಕ್ಕ ಸಣ್ಣಪುಟ್ಟ ಪಾತ್ರಗಳನ್ನೆಲ್ಲ ಮಾಡಿ, ಸಂಬಳ ಸ್ವಲ್ಪ ಜಾಸ್ತಿ ಕೇಳಿದ. ವಾರಕ್ಕೆ 100 ಡಾಲರ್‌ಗಿಂತ ಹೆಚ್ಚು ಬಾಳುವವನಲ್ಲ ನೀನು ಎಂದರಂತೆ ಮ್ಯಾನೇಜರ್. ಇದನ್ನು ಓದಿದಾಗ ನನಗೆ ಅಪ್ಪನ ನೆನಪೇ ಬಂದದ್ದು. ಸ್ವಂತ ಅಂಗಡಿ ಹಾಕುವ ಮೊದಲು ಅಪ್ಪ ಬೇರೊಬ್ಬರ ಹತ್ತಿರ ಹೊಲಿಯುತ್ತಿದ್ದರು. ಪೀಸಿಗೆ ಉಳಿದವರಿಗಿಂತ ಕಡಿಮೆ ಕೊಡುತ್ತಿದ್ದರು. ಚೌಕಾಸಿ ಮಾಡಲು ಬಾಯಿಲ್ಲ ಅಲ್ವಾ, ಅದಕ್ಕೆ.

ಚೇನಿ ಆ ಸ್ಟುಡಿಯೋ ಬಿಟ್ಟ. 1919ರಲ್ಲಿ 'ದಿ ಮಿರಾಕಲ್ ಮ್ಯಾನ್' ಬಂತು. ಅಂಗವಿಕಲನಂತೆ ನಟಿಸಿ ಜನರಿಗೆ ಮೋಸ ಮಾಡುವವನ ಪಾತ್ರ. ಅಲ್ಲಿಂದ ಅವನ ಹೆಸರು ಮನೆಮಾತಾಯಿತು. ಆ ಚಿತ್ರದ ಕೆಲವೇ ನಿಮಿಷಗಳು ಈಗ ಉಳಿದಿವೆ. ಅವನು ಮಾಡಿದ ನೂರೈವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಪಾಲು ಕಳೆದೇಹೋಗಿವೆ.

ಅವತ್ತು ನಾನು ಅಪ್ಪನಿಗೆ ಹಾಕಿದ್ದು 1923ರ 'ದಿ ಹಂಚ್‌ಬ್ಯಾಕ್ ಆಫ್ ನೋಟ್ರೆ ಡೇಮ್'. ವಿಕ್ಟರ್ ಹ್ಯೂಗೋನ ಕಾದಂಬರಿಯ ಕತೆ. ಪ್ಯಾರಿಸ್‌ನ ದೊಡ್ಡ ಚರ್ಚಿನಲ್ಲಿ ಗಂಟೆ ಹೊಡೆಯುವ ಗೂನುಬೆನ್ನಿನ ಕ್ವಾಸಿಮೋಡೋ ಆಗಿ ಚೇನಿ. ಬೆನ್ನಿಗೆ ಪ್ಲಾಸ್ಟರಿನ ಗೂನು, ಒಂದು ಕಣ್ಣು ಮುಚ್ಚಿ ಊದಿಕೊಂಡಂಥ ಮುಖ. ಈ ವೇಷವನ್ನೆಲ್ಲ ಅವನೇ ಹಾಕಿಕೊಳ್ಳುತ್ತಿದ್ದ. ಮುಂದೆ ಬ್ರಿಟಾನಿಕಾ ವಿಶ್ವಕೋಶಕ್ಕೆ ಮೇಕಪ್ ಬಗ್ಗೆ ಬರೆದುಕೊಟ್ಟವನೂ ಅವನೇ. ಲ್ಯಾಪ್‌ಟಾಪಿನ ಸೌಂಡ್ ಪೂರ್ತಿ ತೆಗೆದುಬಿಟ್ಟೆ. ಆಮೇಲೆ ಸೇರಿಸಿದ ಸಂಗೀತವೊಂದಿತ್ತು, ಅದು ಬೇಡ ಅನ್ನಿಸಿತು. ಒಮ್ಮೆಯಾದರೂ ಅಪ್ಪ ನೋಡುವ ಹಾಗೆ ನಾನೂ ನೋಡಬೇಕಿತ್ತು.

ನಡುನಡುವೆ ಇಂಗ್ಲಿಷ್ ಬರಹದ ಫಲಕಗಳು ಬರುತ್ತವೆ. ಅಪ್ಪನಿಗೆ ಇಂಗ್ಲಿಷ್ ಬಾರದು. ಅಭ್ಯಾಸಬಲದಿಂದ ನನ್ನ ಕೈ ಮೇಲೆದ್ದಿತು. ನಾಲ್ಕೈದು ಫಲಕ ಹೇಳಿದೆನೇನೋ. ಅಷ್ಟರಲ್ಲಿ ಕ್ವಾಸಿಮೋಡೋ ಚರ್ಚಿನ ಎತ್ತರದಿಂದ ಕೆಳಗಿನ ಜಂಗುಳಿಯತ್ತ ನಾಲಿಗೆ ಚಾಚಿ ಅಣಕಿಸಿದ. ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ನನ್ನ ಕೈ ಹಿಡಿದು ಮೆಲ್ಲಗೆ ಕೆಳಗಿಟ್ಟರು. ಸೂಜಿಯಿಂದ ಗಡುಸಾದ ಆ ಬೆರಳ ತುದಿಗಳು ನನ್ನ ಮಣಿಕಟ್ಟಿನ ಮೇಲೆ ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ತೋರುಬೆರಳಿಂದ ಪರದೆ ತೋರಿಸಿ, ಕಿವಿ ಮುಟ್ಟಿ, ಅಂಗೈ ಅಡ್ಡ ಆಡಿಸಿದರು.

'ಇವನಿಗೆ ಕೇಳಿಸಲ್ಲ, ಅಲ್ವಾ?'

ನನಗೆ ಮೈ ಜುಮ್ಮೆಂದಿತು. ಕತೆಯಲ್ಲಿ ಕ್ವಾಸಿಮೋಡೋ ಕಿವುಡನೇ. ಗಂಟೆಯ ಸದ್ದಿಗೇ ಅವನ ಕಿವಿ ಹೋಗಿರುತ್ತದೆ. ಅದನ್ನು ನಾನಿನ್ನೂ ಅಪ್ಪನಿಗೆ ಹೇಳಿರಲಿಲ್ಲ. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅಪ್ಪ ಕತ್ತನ್ನು ಸರ್ರನೆ ಹೊರಳಿಸಿ ತೋರಿಸಿದರು. ಹಿಂದೆ ಯಾರಾದರೂ ಬಂದಿದ್ದಾರಾ ಎಂದು ನೋಡುವ ಹೊರಳು ಅದು. ಅಂಗಡಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತಾಗ ಅಪ್ಪನೂ ಹೀಗೇ ತಿರುಗುತ್ತಾರೆ. ಎಷ್ಟು ಸಲ ನೋಡಿದ್ದೇನೆ. ಪರದೆಯ ಮೇಲೆ ನನಗೆ ಅದು ಕಂಡಿರಲೇ ಇಲ್ಲ.

ಚೇನಿಯ ಅಪ್ಪ ಅಮ್ಮನ ವಿಷಯವನ್ನು ಆಗ ಹೇಳಿದೆ. ಅಪ್ಪ ನನ್ನನ್ನೊಮ್ಮೆ ನೋಡಿದರು, ಅವನನ್ನೊಮ್ಮೆ ನೋಡಿದರು. 'ನಿನ್ನ ಹಾಗೆ' ಎಂದರು.

ಕ್ವಾಸಿಮೋಡೋನನ್ನು ಊರ ನಡುವೆ ಕಟ್ಟಿ ಚಾಟಿಯಲ್ಲಿ ಹೊಡೆಯುವ ದೃಶ್ಯ ಬಂತು. ಜನ ಸುತ್ತ ನಿಂತು ನಗುತ್ತಾರೆ. ಅವನು ನೀರಿಗಾಗಿ ಒದ್ದಾಡುತ್ತಾನೆ. ಕೊನೆಗೆ ಬೀದಿಯಲ್ಲಿ ಕುಣಿಯುವ ಹುಡುಗಿ ಎಸ್ಮೆರಾಲ್ಡಾ ಮೆಟ್ಟಿಲು ಹತ್ತಿ ಬಂದು ನೀರು ಕುಡಿಸುತ್ತಾಳೆ. ಚೇನಿಯ ಮುಖದಲ್ಲಿ ಬಳಿದ ಬಣ್ಣ, ಅಂಟಿಸಿದ ವಸ್ತು ಎಷ್ಟೋ ಇದೆ. ಅಷ್ಟೆಲ್ಲ ಇದ್ದರೂ, ನೀರು ಗಂಟಲಿಗಿಳಿದ ಮೇಲೆ ತೆರೆದಿರುವ ಆ ಒಂದು ಕಣ್ಣು ಮಗುವಿನ ಕಣ್ಣಾಗುತ್ತದೆ. ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ನಾನು ಪರದೆ ಬಿಟ್ಟು ಅಪ್ಪನನ್ನೇ ನೋಡುತ್ತಿದ್ದೆ. ಅಪ್ಪ ಸಿನಿಮಾ ನೋಡಿ ಅತ್ತದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ಅಳುವಷ್ಟು ನಾನು ಅವರಿಗೆ ಹೇಳಿಕೊಟ್ಟದ್ದೇ ಇಲ್ಲವೇನೋ.

ಹೆದರಿಸುವ ವೇಷಗಳ ನಟ ಎಂದಷ್ಟೇ ಚೇನಿಯನ್ನು ನೆನೆಯುವವರಿದ್ದಾರೆ. 'ಸಾವಿರ ಮುಖದವನು' ಎಂಬ ಬಿರುದೂ ಇದೆ. 1925ರ 'ದಿ ಫ್ಯಾಂಟಮ್ ಆಫ್ ದಿ ಆಪೆರಾ'ದಲ್ಲಿ ಅವನ ತಲೆಬುರುಡೆಯಂಥ ಮುಖ ಕಂಡು ಜನ ಬೆಚ್ಚಿಬಿದ್ದದ್ದೂ ನಿಜ. ಆದರೆ ಹೆದರಿಕೆಯಷ್ಟನ್ನೇ ನೋಡುವುದು ಅವನಿಗೆ ಮಾಡುವ ಅನ್ಯಾಯ. ಜನ ದೂರ ತಳ್ಳಿದ ಮುಖವೊಂದು ಒಳಗೊಳಗೇ ಏನು ಹೇಳುತ್ತಿದೆ ಎಂದು ತೋರಿಸುವುದೇ ಅವನ ಕಸುಬಾಗಿತ್ತು.

ಮಾತಿನ ಚಿತ್ರಗಳು ಬಂದ ಮೇಲೂ ಅವನು ಮೊದಮೊದಲು ಹಿಂಜರಿದ. ಕೊನೆಗೆ 1930ರಲ್ಲಿ ಒಂದೇ ಒಂದು ಟಾಕಿ ಮಾಡಿದ. ಅದರಲ್ಲಿ ಬೇರೆಬೇರೆ ದನಿಗಳಲ್ಲಿ ಮಾತಾಡಿ ಸೈ ಎನಿಸಿಕೊಂಡ. ಅದೇ ವರ್ಷ ಆಗಸ್ಟ್ 26ರಂದು ಕ್ಯಾನ್ಸರ್‌ನಿಂದ ತೀರಿಕೊಂಡ, 47ನೇ ವಯಸ್ಸಿಗೆ. ಕಡೆಯ ದಿನಗಳಲ್ಲಿ ದನಿ ಪೂರ್ತಿ ನಿಂತುಹೋಗಿತ್ತಂತೆ. ಮನೆಯವರ ಜೊತೆ ಕೈಸನ್ನೆಯಲ್ಲೇ ಮಾತಾಡಿದನಂತೆ, ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಜೊತೆ ಮಾತಾಡಿದ ಹಾಗೆ. ಇದನ್ನು ಅಪ್ಪನಿಗೆ ಅವತ್ತು ಹೇಳಲಾಗಲಿಲ್ಲ. ಸಿನಿಮಾದ ಕೊನೆಯಲ್ಲಿ ಚೂರಿ ತಿಂದ ಕ್ವಾಸಿಮೋಡೋ ತನ್ನ ಸಾವಿನ ಗಂಟೆಯನ್ನು ತಾನೇ ಹೊಡೆಯುತ್ತಾನೆ. ಅಪ್ಪ ಮಿಷನ್ ಹಲಗೆಯ ಮೇಲೆ ಅಂಗೈಯಿಟ್ಟು ಕೂತಿದ್ದರು. ಮಿಷನ್ನಿಗೆ ಎಣ್ಣೆ ಬೇಕಾದಾಗ ಅದರ ನಡುಕ ಹಿಡಿಯುವುದು ಆ ಅಂಗೈಯೇ. ಗಂಟೆ ತೂಗುವುದು ನಿಂತ ಮೇಲೆಯೇ ಕೈ ತೆಗೆದದ್ದು.

ಒಳಗೆ ಅಮ್ಮ ಎದ್ದಿದ್ದರು. ನಾನು ಕಾಫಿಗಿಟ್ಟು ಬರುವಷ್ಟರಲ್ಲಿ ಅಪ್ಪ ಮಂಚದ ಪಕ್ಕ ನಿಂತು ಶುರು ಮಾಡಿಯೇಬಿಟ್ಟಿದ್ದರು. ತಲೆದಿಂಬು ಬೆನ್ನಿಗೆ ಏರಿತ್ತು, ಟವೆಲಿನಿಂದ ಕಟ್ಟಿದ್ದರು. ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿಂದ ಕೆನ್ನೆ ಉಬ್ಬಿಸಿದರು. ಚೇನಿಗೆ ಗುರುತಿನ ಹೆಸರೂ ಸಿಕ್ಕಿತ್ತು. ನಾಲಿಗೆ ಚಾಚಿದ್ದು, ಕಟ್ಟಿಹಾಕಿದ್ದು, ಚಾಟಿಯೇಟು, ಒಂದೂ ಬಿಡಲಿಲ್ಲ. ಅಮ್ಮ ದಿಂಬಿಲ್ಲದ ತಲೆಯನ್ನು ಗೋಡೆಗೆ ಒರಗಿಸಿ, ನೋವು ಮರೆತು ನೋಡುತ್ತಿದ್ದರು. ನೀರಿನ ದೃಶ್ಯ ಬಂದಾಗ ಅಪ್ಪ ನನ್ನ ಕೈಯಲ್ಲಿದ್ದ ಲೋಟಕ್ಕೆ ಕೈಚಾಚಿದರು. ಕಾಫಿ ಬಿಸಿಯಿತ್ತು. ಅಮ್ಮ ಅವಸರದಲ್ಲಿ ತಲೆದೆಸೆಯ ನೀರಿನ ಚೆಂಬು ಎತ್ತಿ, ಬಗ್ಗಿ, ಅಪ್ಪನ ಬಾಯಿಗೆ ಹಿಡಿದರು.