ಒಂದೇ ಲೈಟ್ ಸಾಕೇನ್ರಿ?

ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಗೆ ಬಂದವರು ಪಡಸಾಲೆಯಲ್ಲಿ ಮೂರು ಕಾಲಿನ ಮೇಲೆ ನಿಂತ ಮರದ ಪೆಟ್ಟಿಗೆ ನೋಡಿ ಮೊದಲು ಕೇಳುವುದು, "ಇದಕ್ಕ ರೀಲ್ ಎಲ್ಲಿ ಸಿಗತದ್ರಿ?" ರೀಲ್ ಅಲ್ಲ, 4×5 ಇಂಚಿನ ಬಿಡಿ ಫಿಲ್ಮ್ ಹಾಳೆ, ಹೊರಗಿನಿಂದ ತರಿಸಬೇಕು. ಆ ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಇಂಥದ್ದೇ ಕ್ಯಾಮೆರಾ ಕೊಂಡು, ಅಥವಾ ಕೊಳ್ಳುವ ಹುಚ್ಚು ಹಿಡಿಸಿಕೊಂಡು ಬರುವವರ ಪ್ರಶ್ನೆ ಬೇರೆ: "ಮನ್ಯಾಗ ಪೋರ್ಟ್ರೇಟ್ ತೆಗೀಬೇಕಂದ್ರ ಯಾವ ಲೈಟ್ ತಗೋಬೇಕು? ಎಷ್ಟು ಬೇಕಾಗತಾವ?" ಒಂದೇ ಸಾಕು, ಆದರೆ ಅದಕ್ಕೆ ಕಸುವಿರಬೇಕು ಎನ್ನುತ್ತೇನೆ. ಯಾರೂ ನಂಬುವುದಿಲ್ಲ. ಮೂರು ಲೈಟು, ಎರಡು ಛತ್ರಿ ಅಂದಿದ್ದರೆ ನಂಬುತ್ತಿದ್ದರು.

ಬೆಳಕಿನ ವಿಷಯದಲ್ಲಿ ದೊಡ್ಡ ಕ್ಯಾಮೆರಾ ಬಕಾಸುರ. ನನ್ನದು 210 ಎಂಎಂ ಲೆನ್ಸು. ತಲೆ, ಹೆಗಲಷ್ಟೇ ಬರುವ ಚಿತ್ರಕ್ಕೆ ಅದನ್ನು ಕೂತವರಿಂದ ಸುಮಾರು 1.2 ಮೀಟರ್ ದೂರ ಇಡುತ್ತೇನೆ. ಅಷ್ಟು ಹತ್ತಿರದಲ್ಲಿ ಎಫ್ 5.6ಕ್ಕೆ (ಎಫ್ ಅಂಕಿ ಹೆಚ್ಚಿದಷ್ಟೂ ಲೆನ್ಸಿನ ಕಿಂಡಿ ಸಣ್ಣದು) ಚೊಕ್ಕವಾಗಿ ಮೂಡುವುದು ಹೆಚ್ಚೆಂದರೆ 3 ಸೆಂಟಿಮೀಟರ್ ಆಳ. ಕಣ್ಣು ಸಿಕ್ಕಿತು ಅನ್ನುವಷ್ಟರಲ್ಲಿ ಮೂಗಿನ ತುದಿ ಹೋಗಿರುತ್ತದೆ, ಕಿವಿಯ ಮಾತಂತೂ ಬೇಡ. ಎಫ್ 16ಕ್ಕೆ ಮುಚ್ಚಿದರೆ 8 ಸೆಂಟಿಮೀಟರಿಗೆ ಮೇಲೆ ಸಿಗುತ್ತದೆ, ಮುಖ ಮುಖವಾಗಿ ನಿಲ್ಲುತ್ತದೆ. ಆದರೆ ಅದು ಮೂರು ಸ್ಟಾಪ್, ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಫಿಲ್ಮಿಗೆ ತಲುಪುವುದು ಮೊದಲಿನ ಬೆಳಕಿನ ಎಂಟರಲ್ಲಿ ಒಂದು ಪಾಲು.

ಇದರ ಮೇಲೆ ಬೆಲೋಸಿನ, ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲದ, ಸುಂಕ ಬೇರೆ. ಹತ್ತಿರದವರನ್ನು ಫೋಕಸ್ ಮಾಡಲು ಬೆಲೋಸ್ ಹಿಗ್ಗಿಸಬೇಕಲ್ಲ, ನನ್ನ ಲೆಕ್ಕದಲ್ಲಿ 210 ಇದ್ದದ್ದು 255 ಮಿಲಿಮೀಟರ್ ಆಗುತ್ತದೆ. ಲೆನ್ಸು ದೂರ ಸರಿದಷ್ಟೂ ಫಿಲ್ಮಿಗೆ ಬೆಳಕು ಕಡಿಮೆ. 255ನ್ನು 210ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ: 1.47. ಅಂದರೆ ಇನ್ನೂ ಅರ್ಧ ಸ್ಟಾಪಿಗೆ ತುಸು ಹೆಚ್ಚೇ ಬೆಳಕು ಕೊಡಬೇಕು. ಕೈಯಲ್ಲಿ ಹಿಡಿಯುವ ಲೈಟ್ ಮೀಟರಿಗೆ ಇದರ ಸುಳಿವೇ ಇರುವುದಿಲ್ಲ. ನನ್ನ ಮೊದಲ ನೆಗೆಟಿವ್‌ಗಳೆಲ್ಲ ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಬಂದವು, ನಾನು ಕೆಮಿಕಲ್ ಬೈದುಕೊಂಡು ಎರಡು ತಿಂಗಳು ಕಳೆದೆ. ಈಗ ಬೆಲೋಸ್ ಅಳೆಯಲು ದರ್ಜಿಯ ಟೇಪೊಂದನ್ನು ಕ್ಯಾಮೆರಾ ಸ್ಟ್ಯಾಂಡಿಗೇ ಕಟ್ಟಿದ್ದೇನೆ.

"ಎಲ್‌ಇಡಿ ಪ್ಯಾನೆಲ್ ನಡೆಯೂದಿಲ್ಲೇನ್ರಿ?" ನಡೆಯುತ್ತದೆ, ಕೂತವರು ಶಿಲೆಯಾದರೆ. ನನ್ನ ಪ್ಯಾನೆಲನ್ನು ಬಟ್ಟೆಯ ಹಿಂದಿಟ್ಟು ಅಳೆದಾಗ 400 ಐಎಸ್‌ಒ ವೇಗದ ಫಿಲ್ಮಿಗೆ ಎಫ್ 5.6ರಲ್ಲಿ 1/30 ಸೆಕೆಂಡ್ ತೋರಿಸಿತು. ಎಫ್ 16ಕ್ಕೆ ಅದು 1/4 ಸೆಕೆಂಡ್, ಬೆಲೋಸಿನ ಸುಂಕ ಸೇರಿದರೆ ಮೂರರಲ್ಲೊಂದು ಸೆಕೆಂಡನ್ನೂ ದಾಟುತ್ತದೆ. ಅಷ್ಟರಲ್ಲಿ ರೆಪ್ಪೆ ಬಡಿಯಬಹುದು, ಉಸಿರು ಬಿಡಬಹುದು. ಹಿಂದಿನ ಸ್ಟುಡಿಯೋದವರು ಕತ್ತಿನ ಹಿಂದೆ ಕಬ್ಬಿಣದ ಆಸರೆ ನಿಲ್ಲಿಸುತ್ತಿದ್ದುದು ಸುಮ್ಮನೆ ಅಲ್ಲ. ನಮ್ಮ ಸೀಮೆ ನಿಜಾಮರ ಕೈಯಲ್ಲಿದ್ದಾಗ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ (1844–1905). ಅವರು ಗಾಜಿನ ಪ್ಲೇಟಿನ ಮೇಲೆ ತೆಗೆದ ಚಿತ್ರಗಳಲ್ಲಿ ನವಾಬರು ಬಿಗಿದುಕೊಂಡು ಕೂತಿರುವುದನ್ನು ಬರೇ ಗತ್ತು ಅಂದುಕೊಂಡಿದ್ದೆ. ಈಗ ಅದರಲ್ಲಿ ಅರ್ಧ ಉಸಿರು ಹಿಡಿದದ್ದೇ ಇರಬೇಕು ಅನಿಸುತ್ತದೆ.

ಕಿಟಕಿ ಬೆಳಕಿನಲ್ಲಿ ಕಲಿ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರು ನಮ್ಮ ಊರಿನ ಹಳೆ ಮನೆಗಳಿಗೆ ಬಂದಿಲ್ಲ. ಬಿಸಿಲಿಗೆ ಹೆದರಿ ಕಟ್ಟಿದ ದಪ್ಪ ಗೋಡೆ, ಕೈ ಅಗಲದ ಕಿಟಕಿ. ನಮಗಿರುವುದು ಬೆಳಕಿಂಡಿ. ನಾನೂ ಅದರ ಕೆಳಗೇ ಶುರು ಮಾಡಿದೆ. ನೆತ್ತಿಯ ಮೇಲಿಂದ ಬೀಳುವ ಬೆಳಕಿನಲ್ಲಿ ಅವ್ವನ ಹಣೆ, ಮೂಗು ಹೊಳೆದವು, ಕಣ್ಣು ಎರಡು ಬಾವಿ. ಹಿಟ್ಟು ನಾದುವ ಪರಾತಕ್ಕೆ ಬಿಳಿ ಪಂಚೆ ಸುತ್ತಿ ತೊಡೆಯ ಮೇಲಿಟ್ಟೆ. ಬೆಳಕು ಮೇಲಕ್ಕೆ ಪುಟಿದು ಬಾವಿಯಲ್ಲಿ ನೀರು ಕಂಡಿತು. "ಪರಾತ ಕೊಡ್ತೀಯೋ ಇಲ್ಲೋ, ರೊಟ್ಟಿ ಬಡಿಯೂದು ಯಾವಾಗ?" ಎಂದು ಅವ್ವ ಎದ್ದಳು. ಆ ಒಂದು ವಾರ ನಾನು ಕಲಿತಷ್ಟು ಆಮೇಲೆ ಒಂದು ವರ್ಷದಲ್ಲಿ ಕಲಿತಿಲ್ಲ. ಫಿಲ್ಮ್ ಹಾಕದೆ, ಬರೇ ಗ್ರೌಂಡ್ ಗ್ಲಾಸಿನಲ್ಲಿ, ಅಂದರೆ ಕ್ಯಾಮೆರಾ ಹಿಂದಿನ ಮಸುಕು ಗಾಜಿನಲ್ಲಿ, ತಲೆಕೆಳಗಾದ ಮುಖ ನೋಡುತ್ತ ಕಳೆದ ವಾರ ಅದು. ತಲೆಕೆಳಗಾದ ಮುಖದಲ್ಲಿ ಅವ್ವ ಕಾಣುವುದಿಲ್ಲ, ನೆರಳಿನ ಆಕಾರವಷ್ಟೇ ಕಾಣುತ್ತದೆ.

ಲೈಟಿಗೆ ಬರೋಣ. ಮದುವೆ ಫೋಟೋ ತೆಗೆಯುವ ಪರಿಚಯದವರೊಬ್ಬರು ಎಲ್‌ಇಡಿಗೆ ಬದಲಾದಾಗ ಅವರ ಅಂಗಡಿಯ ಮೂಲೆಗೆ ಬಿದ್ದಿದ್ದ 400 ವಾಟ್-ಸೆಕೆಂಡ್ ಕಸುವಿನ ಸ್ಟುಡಿಯೋ ಫ್ಲಾಶ್ ನನ್ನದಾಯಿತು. 125 ಐಎಸ್‌ಒದ ಎಫ್‌ಪಿ 4 ಫಿಲ್ಮಿಗೆ, ಒಂದು ಮೀಟರ್ ದೂರದಿಂದ, ಬಿಳಿ ಬಟ್ಟೆ ದಾಟಿ ಬಂದರೂ ಮೀಟರು ಎಫ್ 22 ತೋರಿಸುತ್ತದೆ. ಬೆಲೋಸಿನ ಸುಂಕ ಕಟ್ಟಿದರೂ ಎಫ್ 16 ಕೈಯಲ್ಲಿ ಉಳಿಯುತ್ತದೆ. ಫ್ಲಾಶಿನ ಬೆಳಕು ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುವುದರಿಂದ ಕೂತವರು ಉಸಿರಾಡಿಕೊಂಡೇ ಇರಬಹುದು. ಹಾಳೆ ಖರ್ಚು ಮಾಡುವ ಮೊದಲು ಹಳೆಯ ಡಿಜಿಟಲ್ ಕ್ಯಾಮೆರಾದಲ್ಲಿ ಒಂದೆರಡು ತೆಗೆದು ನೆರಳು ನೋಡಿಕೊಳ್ಳುತ್ತೇನೆ.

ಎರಡನೇ ಲೈಟು ಬೇಡ ಅನ್ನುವುದಕ್ಕೆ ಕಾರಣ ನಮ್ಮ ಕೋಣೆಗಳೇ. ಹತ್ತು-ಹನ್ನೆರಡು ಅಡಿಯ ಕೋಣೆ, ಸುತ್ತ ಸುಣ್ಣದ ಗೋಡೆ. ಒಂದು ಲೈಟ್ ಹಚ್ಚಿದರೆ ನಾಲ್ಕು ಗೋಡೆಯೂ ಲೈಟಾಗುತ್ತವೆ, ನೆರಳು ತಾನಾಗಿ ತುಂಬುತ್ತದೆ, ಎಷ್ಟೋ ಸಲ ಬೇಡವೆಂದರೂ ತುಂಬುತ್ತದೆ. ಹಾಗಾಗಿ ನಾನು ಕೊಂಡದ್ದು ಲೈಟಲ್ಲ, ಕರಿ ಕಂಬಳಿ. ನೆರಳಿನ ಕಡೆ ಕೆನ್ನೆಯಿಂದ ಎರಡಡಿಗೆ ಅದನ್ನು ಹಗ್ಗಕ್ಕೆ ಇಳಿಬಿಟ್ಟರೆ ಕೆನ್ನೆಯ ಮೂಳೆ ಎದ್ದು ಕಾಣುತ್ತದೆ. ಗೋಡೆ ಬೆಳ್ಳಗಾಗುವುದು ಬೇಡವೆಂದರೆ ಲೈಟನ್ನು ಮುಖದ ಹತ್ತಿರ ತರಬೇಕು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುತ್ತದಲ್ಲ, ಲೈಟು ಹತ್ತಿರವಿದ್ದಷ್ಟೂ ಹಿಂದಿನ ಗೋಡೆ ಕತ್ತಲಿಗೆ ಸರಿಯುತ್ತದೆ. (ಅದೇ ಕಂಬಳಿ ಹೊದ್ದು ಫೋಕಸ್ ಮಾಡಬಹುದು ಎಂದು ಮೇ ತಿಂಗಳಲ್ಲಿ ಒಮ್ಮೆ ನೋಡಿದೆ. ಬೇಡಿ.)

ಇನ್ನು ನಮ್ಮ ಮೈಬಣ್ಣ. ಬೆಳಕಿನ ಇಂಗ್ಲಿಷ್ ಪುಸ್ತಕಗಳು ಚರ್ಮವನ್ನು ನಡು ಬೂದಿಗಿಂತ (ಕಪ್ಪು, ಬಿಳುಪಿನ ನಟ್ಟನಡುವಿನ ಛಾಯೆ) ಒಂದು ಸ್ಟಾಪ್ ಮೇಲಿಡಿ ಅನ್ನುತ್ತವೆ. ಅದು ಅವರ ಚರ್ಮ. ನಮ್ಮಲ್ಲಿ ಹಾಗೆ ಇಟ್ಟರೆ ಹೊಲದಲ್ಲಿ ಐವತ್ತು ವರ್ಷ ದುಡಿದ ಮುಖ ಮೈದಾ ಹಿಟ್ಟು ಬಳಿದಂತೆ ಬರುತ್ತದೆ. ನಡು ಬೂದಿಯಲ್ಲಿ, ಕೆಲವೊಮ್ಮೆ ಅದಕ್ಕೂ ಅರ್ಧ ಸ್ಟಾಪ್ ಕೆಳಗೆ ಬಿಡುತ್ತೇನೆ. ಕಪ್ಪು ಮೈಗೆ ರೂಪ ಕೊಡುವುದು ಬೆಳಕಿನ ಪ್ರಮಾಣಕ್ಕಿಂತ ಅದರ ಮೇಲಿನ ಹೊಳಪು. ಬಿದರಿ ಹೂಜಿಯ ಕರಿ ಮೈಯನ್ನು ಕಿಟಕಿಯ ಮುಂದೆ ಹಿಡಿದು ತಿರುಗಿಸಿ ನೋಡಿ, ಕಿಟಕಿ ಅದರಲ್ಲಿ ಹರಿದಾಡುವಾಗಲೇ ಅದರ ಉಬ್ಬು ಗೊತ್ತಾಗುವುದು. ಅದಕ್ಕೇ ಲೈಟಿನ ಮುಂದೆ ದೊಡ್ಡ ಬಟ್ಟೆ ಬೇಕು, ಅದರ ಪ್ರತಿಫಲನ ಕೆನ್ನೆಯ ಮೇಲೆ ಅಗಲವಾಗಿ ಬೀಳಬೇಕು. ಬರೇ ಫ್ಲಾಶಾದರೆ ಸಣ್ಣ ಬಿಳಿ ಚುಕ್ಕೆ ಬಿದ್ದು ಬೆವರಿನಂತೆ ಕಾಣುತ್ತದೆ.

ಪಕ್ಕದ ಮನೆಯ ಕಾಕಾ ಕೂತಾಗ ಇದರ ಜೊತೆಗೆ ತಲೆಗೆ ಸುತ್ತಿದ ಬಿಳಿ ರುಮಾಲು. ಕರಿ ಮುಖ, ಹಾಲಿನಂಥ ರುಮಾಲು, ಅದೂ ಮುಖಕ್ಕಿಂತ ಲೈಟಿಗೆ ಹತ್ತಿರ. ಲೈಟನ್ನು ಕೆಳಗಿಳಿಸಿ, ಮುಖವನ್ನು ಬಿಟ್ಟು ಅವರ ಎದೆಯ ಮುಂದಿನ ಗಾಳಿಯ ಕಡೆ ತಿರುಗಿಸಿದೆ. ಬಟ್ಟೆಯ ಅಂಚಿನ ಬೆಳಕಷ್ಟೇ ಮುಖಕ್ಕೆ, ರುಮಾಲಿಗೆ ಅದಕ್ಕೂ ಕಡಿಮೆ. ರುಮಾಲಿನ ಮಡಿಕೆಗಳು ಸುತ್ತು ಸುತ್ತಾಗಿ ಕಂಡವು. ಲೈಟಿನ ಸ್ಟ್ಯಾಂಡಿಗೆ ಒಂದು ದಾರ ಕಟ್ಟಿ, ಅದರ ಗಂಟು ಅವರ ಕಿವಿಗೆ ತಾಗುವಂತೆ ಅಳತೆ ಇಟ್ಟೆ. ಫಿಲ್ಮ್ ಇರುವ ಹೋಲ್ಡರನ್ನು ಕ್ಯಾಮೆರಾದೊಳಗೆ ಹಾಕಿದ ಮೇಲೆ ಗ್ರೌಂಡ್ ಗ್ಲಾಸ್ ಕಾಣುವುದಿಲ್ಲ, ನೀವು ಕುರುಡ. ಆಗಲೇ ಎಲ್ಲರೂ ಎರಡು ಬೆರಳು ಮುಂದೆ ಬಾಗುತ್ತಾರೆ. ದಾರ ಎಳೆದು ನೋಡಿದರೆ ಬಾಗಿದ್ದು ಗೊತ್ತಾಗುತ್ತದೆ.

ಎಲ್ಲ ಸರಿಯಿತ್ತು. ನಾಲ್ಕು ಹಾಳೆ ತೆಗೆದೆ. ಐಸ್ ಹಾಕಿದ ಬಕೆಟ್ಟಿನಲ್ಲಿ ಕೆಮಿಕಲ್ಲನ್ನು 20 ಡಿಗ್ರಿಗೆ ಇಳಿಸಿ ತೊಳೆದೆ. ನಾಲ್ಕೂ ಗಾಜಿನಂತೆ ಖಾಲಿ. ಲೆನ್ಸಿನ ಶಟರಿನ ಪಕ್ಕದ ಸಣ್ಣ ಕಡ್ಡಿ ಎಕ್ಸ್ ಬಿಟ್ಟು ಎಂ ಮೇಲೆ ಕೂತಿತ್ತು. ಎಕ್ಸ್ ನನ್ನಲ್ಲಿರುವಂಥ ಸ್ಟುಡಿಯೋ ಫ್ಲಾಶಿಗೆ, ಎಂ ಹಳೆ ಕಾಲದ ಫ್ಲಾಶ್ ಬಲ್ಬಿಗೆ. ಬಲ್ಬು ಹೊತ್ತಿಕೊಳ್ಳಲು ಸ್ವಲ್ಪ ಹೊತ್ತು ಬೇಕೆಂದು ಅದು ಶಟರಿಗಿಂತ ಮೊದಲೇ ಕಿಡಿ ಕೊಡುತ್ತದೆ. ನನ್ನ ಫ್ಲಾಶು ಬಂದು ಹೋದ ಮೇಲೆ ಶಟರು ತೆರೆದಿತ್ತು. ಲೈಟ್ ಯಾವುದೇ ಕೊಳ್ಳಿ, ಆ ಕಡ್ಡಿ ನೋಡಿಕೊಳ್ಳಿ.

ಮತ್ತೊಮ್ಮೆ ಕೂರಿಸಲು ಕಾಕಾನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು.

"ಮೊದಲಿನ ಫೋಟೋದಾಗ ನಾ ಹ್ಯಾಂಗ್ ಬಂದೀನೋ ತಮ್ಮಾ?"

"ನೀವು ಬಂದೇ ಇಲ್ರಿ ಕಾಕಾ."