ಸನ್ನಕ್ಕೆ ಕಳ್ಳು ಸಿಗದಿದ್ದರೆ

ಸನ್ನ ಎಂದರೆ ಕಳ್ಳು ಹಾಕಿ ಉಬ್ಬಿಸಿ ಹಬೆಯಲ್ಲಿ ಬೇಯಿಸುವ, ಇಡ್ಲಿಯಂಥ ತಿಂಡಿ. ಇಡ್ಲಿಗೂ ಸನ್ನಕ್ಕೂ ಅಕ್ಕಿ, ಉದ್ದು ಅವೇ. ಉಬ್ಬಿಸುವ ಜೀವಿ ಮಾತ್ರ ಬೇರೆ. ಇಡ್ಲಿ ಹಿಟ್ಟು ರಾತ್ರಿಯಿಡೀ ಹುದುಗುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದಿಂದ. ಮಂಗಳೂರಿನ ಸನ್ನವನ್ನು ಎರಡು ಮೂರು ಗಂಟೆಯಲ್ಲಿ ಎಬ್ಬಿಸುವುದು ಕಳ್ಳಿನ ಯೀಸ್ಟ್. ಅದಕ್ಕೇ ಅದರಲ್ಲಿ ಹುಳಿ ಕಡಿಮೆ.

ಕಳ್ಳು ಬೆಳಗ್ಗೆ ಇಳಿಸಿದ್ದೇ ಆಗಬೇಕು. ಹೊತ್ತು ಏರಿದಂತೆ ಸಕ್ಕರೆ ಇಳಿಯುತ್ತದೆ, ಹುಳಿ ಏರುತ್ತದೆ. ವಾರಗಟ್ಟಲೆ ಬಿಟ್ಟರೆ ವಿನೆಗರ್ ಆಗುತ್ತದೆ, ಅದು ಬಾಫತ್‌ಗೆ (ಮಂಗಳೂರಿನ ಮಸಾಲೆ ಮಾಂಸದ ಅಡುಗೆ) ಒಳ್ಳೆಯದು. ಮಡಕೆಗೆ ಸುಣ್ಣ ಸವರಿ ಇಳಿಸಿದ ಸಿಹಿ ಕಳ್ಳು ಬೆಲ್ಲಕ್ಕೆ ಸರಿ, ಸನ್ನಕ್ಕೆ ಆಗದು. ಸುಣ್ಣ ಯೀಸ್ಟನ್ನು ಏಳಗೊಡುವುದಿಲ್ಲ.

ಕಳ್ಳು ಸಿಗದಿದ್ದರೆ ಬೇಕರಿಯವರ ಒಣ ಯೀಸ್ಟ್ ಸಾಕು. ಇದೂ ಏಲ್ ಬಿಯರಿನದೂ ಒಂದೇ ಜಾತಿ, ಸ್ಯಾಕರೋಮೈಸಿಸ್ ಸೆರೆವಿಸಿಯೆ. ಕಳ್ಳಿನಲ್ಲಿ ಅದರ ಜೊತೆ ಬೇರೆ ಸೂಕ್ಷ್ಮಜೀವಿಗಳೂ ಉಂಟು, ಆ ಪರಿಮಳ ಪ್ಯಾಕೆಟ್ಟಿನಿಂದ ಬರುವುದಿಲ್ಲ. ಔಷಧಿ ಅಂಗಡಿಯ ‘ಬ್ರೂವರ್ಸ್ ಯೀಸ್ಟ್’ ಮಾತ್ರೆ ಪುಡಿ ಮಾಡಿ ಹಾಕಬೇಡಿ. ಅದು ಸತ್ತ ಯೀಸ್ಟ್: ಬಿ ವಿಟಮಿನ್ ಕೊಡುತ್ತದೆ (ಬಿ12 ಬೇರೆಯಾಗಿ ಸೇರಿಸಿದ್ದರೆ ಮಾತ್ರ), ಹಿಟ್ಟು ಕೂತಲ್ಲೇ ಕೂತಿರುತ್ತದೆ.

2 ಲೋಟ ಇಡ್ಲಿ ಅಕ್ಕಿ, ಅರ್ಧ ಲೋಟ ಉದ್ದು ಬೇರೆ ಬೇರೆ 5 ಗಂಟೆ ನೆನೆಸಿ, ನೀರಿನ ಬದಲು ಎಳನೀರು ಹಾಕಿ ನುಣ್ಣಗೆ ರುಬ್ಬಿ. ಮಿಕ್ಸಿಯಲ್ಲಿ ರುಬ್ಬಿದರೆ ಹಿಟ್ಟು ಬಿಸಿಯಾಗುತ್ತದೆ, ಆರಿದ ಮೇಲೆಯೇ ಮುಂದಿನ ಕೆಲಸ. ಕಾಲು ಲೋಟ ಉಗುರುಬೆಚ್ಚಗಿನ ನೀರಿಗೆ 1 ಚಮಚ ಸಕ್ಕರೆ, ಅರ್ಧ ಟೀ ಚಮಚ ಯೀಸ್ಟ್ ಹಾಕಿ 10 ನಿಮಿಷ ಬಿಡಿ. ಬೆರಳಿಗೆ ಹಿತವಾಗುವ ಬಿಸಿ, ಸುಮಾರು 40 ಡಿಗ್ರಿ, ಸಾಕು. 60ಕ್ಕೆ ಹೋದರೆ ಯೀಸ್ಟ್ ಸಾಯುತ್ತದೆ. ನೊರೆ ಬರದಿದ್ದರೆ ಹಿಟ್ಟಿಗೆ ಸುರಿಯಲೇಬೇಡಿ, ಯೀಸ್ಟ್ ಹಳತು. ನೊರೆ ಬಂದರೆ ಇನ್ನೂ 1 ಚಮಚ ಸಕ್ಕರೆ ಸೇರಿಸಿ ಕಲಸಿ. ಉಪ್ಪು ಕೊನೆಗೆ.

ಹಿಟ್ಟು ಎರಡರಷ್ಟಾಗಲು ಬೇಸಗೆಯಲ್ಲಿ ಒಂದೂವರೆ ಗಂಟೆ, ಆಟಿಯ (ತುಳುವರ ಮಳೆಗಾಲದ ತಿಂಗಳು) ಮಳೆಗೆ ಮೂರು ಗಂಟೆಯೂ ಹಿಡಿಯಬಹುದು. ತಡವಾಯಿತೆಂದು ಯೀಸ್ಟ್ ಹೆಚ್ಚು ಹಾಕಿದರೆ ಸನ್ನ ಬೇಕರಿ ವಾಸನೆ ಹೊಡೆಯುತ್ತದೆ. ಉಬ್ಬಿದ ಹಿಟ್ಟನ್ನು ಕಡೆಯಬೇಡಿ, ಗುಳ್ಳೆ ಒಡೆದರೆ ಸನ್ನ ಗಟ್ಟಿ. ಬಟ್ಟಲಿಗೆ ಅರ್ಧ ಮಾತ್ರ ಹೊಯ್ದು, ಮುಕ್ಕಾಲು ಏರುವವರೆಗೆ ಬಿಟ್ಟು, ನೀರು ಕುದಿಯುತ್ತಿರುವ ಪಾತ್ರೆಯಲ್ಲಿ 15 ನಿಮಿಷ ಬೇಯಿಸಿ. ಹಬೆಯಲ್ಲಿ ಉಬ್ಬಿ, ಮುಚ್ಚಳ ತೆಗೆದ ಕೂಡಲೇ ನಡು ಕುಸಿದರೆ ಹಿಟ್ಟು ಹೆಚ್ಚು ಹೊತ್ತು ಹುದುಗಿದೆ ಎಂದೇ ಲೆಕ್ಕ.